ಕೊಬ್ಬರಿ ಅಂಗಳದ ವಿಂಬಲ್ಡನ್

ಒಂದು ಅಪರಾಧ ಒಪ್ಪಿಕೊಳ್ಳುತ್ತೇನೆ. ನಿನ್ನೆ ಅಂಗಡಿಯಲ್ಲಿ ಟೆನಿಸ್ ಚೆಂಡಿನ ಹೊಸ ಡಬ್ಬಿ ತೆರೆದು, ಆಸೆ ತೀರ ಮೂಸಿ, ಕೊಳ್ಳದೆ ಇಟ್ಟುಬಂದೆ. ಅಂಗಡಿಯವನು ಗುರಾಯಿಸಿದ. "ಅರಸೀಕೆರೆ ಚಾಂಪಿಯನ್‌ಗೇ ಬೆವರಿಳಿಸಿದೋನು ಕಣ್ರೀ ನಾನು" ಎಂದು ಬೀಗಿದೆ.

ಚಾಂಪಿಯನ್ ಎಂದರೆ ನನ್ನ ಸೋದರತ್ತೆ. ಕೊಬ್ಬರಿ ಒಣಗಿಸುವ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಗೆರೆ ಎಳೆದು, ನಡುವೆ ತೆಂಗಿನ ಹಗ್ಗ ಕಟ್ಟಿದರೆ ಅದೇ ನಮ್ಮ ಕೋರ್ಟು. ಅವಳ ಸರ್ವ್ ನನಗೆ ಸರ್ವನಾಶ.

ಕೂಸಿನೊಂದಿಗೆ ತವರಿಗೆ ಬಂದ ಅತ್ತೆ ಮತ್ತೆ ರ‍್ಯಾಕೆಟ್ ಹಿಡಿದಾಗ ಅಜ್ಜಿ ತಡೆದಳು. "ಮಗುವಾಯ್ತಲ್ಲ, ಆಟ ಸಾಕು ಮಾಡೇ."

ಅತ್ತೆ ಗೋಡೆಗೆ ಅಂಟಿಸಿದ್ದ ಚಿತ್ರ ತೋರಿಸಿದಳು. ಪಾದ ಮುಚ್ಚುವ ಲಂಗ ತೊಟ್ಟ, ನೂರು ವರ್ಷ ಹಿಂದಿನ ಇಂಗ್ಲೆಂಡಿನ ಆಟಗಾರ್ತಿ. "ಈಯಮ್ಮ ಮಕ್ಕಳಾದ್ಮೇಲೂ ವಿಂಬಲ್ಡನ್ ಗೆದ್ಲು ಕಣಮ್ಮ."

"ಮಕ್ಕಳನ್ನ ಯಾರು ನೋಡ್ಕೊಂಡ್ರಂತೆ?"

"ಅವರಮ್ಮ ಇರ್ಬೇಕು."

ಅತ್ತೆ ನಿದ್ದೆಹೋದ ಕೂಸನ್ನು ಎಡಹೆಗಲಿಗೆ ಹಾಕಿಕೊಂಡೇ ನನ್ನೆದುರು ಆಡಿದಳು. ಕಂಬಕ್ಕೊರಗಿ ನೋಡುತ್ತಿದ್ದ ಅಜ್ಜಿ ಕೊನೆಗೆ ಕೈಚಾಚಿದಳು. "ಕೊಡೇ ಇಲ್ಲಿ. ನಾಳೆಯಿಂದ ನೆಟ್ಟಗೆ ಆಡು."

ಬೆರಳಲ್ಲಿ ಚೆಂಡಿನ ವಾಸನೆ ಇನ್ನೂ ಇದೆ. ಅಂಗಡಿಯವನಿಗೆ ಹೇಳದೆ ಬಂದದ್ದೊಂದಿದೆ. ಅಂದು ಬೆವರಿಳಿದದ್ದು ನನಗೆ. ನಾನು ಸೋತು ಕೂತಾಗಲೂ ಕೂಸಿಗೆ ಎಚ್ಚರವಾಗಿರಲಿಲ್ಲ.