ಜೀವಕೋಶಗಳನ್ನು ಬೈಯುವ ಮೇಡಂ

ನಮ್ಮ ಲ್ಯಾಬಿನ ಮೇಡಂ ಎಂದರೆ ನನಗೆ ಪ್ರಾಣ. ಬಂದವರೇ ಬ್ಯಾಗು ಕೂಡ ಇಳಿಸದೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಮೆದುಳಿನ ಕ್ಯಾನ್ಸರ್ ಗಡ್ಡೆಯ ಜೀವಕೋಶಗಳನ್ನು ಬೈಯಲು ಶುರು: “ಭಂಡರಾ, ಇಷ್ಟು ಔಷಧಿ ಹಾಕಿದ್ರೂ ಸಾಯಲ್ವಲ್ರೋ.” ಯಾಕೆ ಸಾಯಲ್ಲ ಎಂದು ಯಾರಾದರೂ ಕೇಳಿದರೆ ಮುಗಿಯಿತು, ಲಿಫ್ಟಿನವನಿಗೂ ಪಾಠ: “ಕಷ್ಟ ಬಂದ್ರೆ ಮನೆ ಬಾಗಿಲನ್ನೇ ಮುರಿದು ಒಲೆಗೆ ಹಾಕೋ ಪೈಕಿ ಕಣಪ್ಪಾ ಇವು. ತಮ್ಮೊಳಗಿನ ಸಾಮಾನನ್ನೇ ತಿಂದು ಬದುಕ್ತವೆ. ಆ ಒಲೆ ಆರಿಸಿದ್ರೆ ಔಷಧಿ ನಾಟಬಹುದು.” ಬೈಗುಳ ನಿಲ್ಲುವುದು ಜೀವಕೋಶ ಬೆಳೆಸುವ ಒಂದೇ ಒಂದು ತಟ್ಟೆಯ ಮುಂದೆ. ಅದರಲ್ಲಿರುವುದು ಎದುರಿನ ಆಸ್ಪತ್ರೆಯಲ್ಲಿ ಮಲಗಿರುವ ಅವರ ಅಣ್ಣನ ಗಡ್ಡೆಯ ತುಣುಕು. ಅದಕ್ಕೆ ಪೋಷಕ ದ್ರವ ಹಾಕಲು ನಾನು ಹೋದರೆ ಬಿಡುವುದಿಲ್ಲ. “ಅಣ್ಣಂಗೆ ಯಾವ ಔಷಧಿ ನಾಟುತ್ತೆ ಅಂತ ಇದ್ರ ಮೇಲೆ ಹಾಕಿ ನೋಡಿ ಗೊತ್ತಾಗೋವರ್ಗೂ ಇದು ಬದುಕಿರ್ಬೇಕು ಕಣೇ. ಅವನಿಗೆ ಒಂದು ತುತ್ತೂ ಸೇರ್ತಿಲ್ಲ, ಇದಕ್ಕೆ ನಾನೇ ಕೈಯಾರೆ ಬಡಿಸ್ತಿದೀನಿ.”