ಟೀಚರ್ ಚುಕ್ಕಾಣಿ ಹಿಡಿದ ಮಧ್ಯಾಹ್ನ

ಗ್ರೆನಡಾ ದ್ವೀಪದ ವಿಮಾನ ನಿಲ್ದಾಣದಿಂದ ನನ್ನ ಗೆಳತಿ ಹೊರಬಂದಾಗ, ಅವಳ ಹಿಂದೆ ಉರುಳುತ್ತಿದ್ದ ಸೂಟ್‌ಕೇಸ್ ನೋಡಿ ನನ್ನ ಗಂಡನ ಮುಖ ಸಣ್ಣದಾಯಿತು. ದೋಣಿಯಲ್ಲಿ ಜಾಗವಿಲ್ಲ, ಮಡಚಿಡಲು ಬರುವ ಬಟ್ಟೆಯ ಚೀಲದಲ್ಲಿ ಮಾತ್ರ ಸಾಮಾನು ತಾ ಎಂದು ನಾನು ಫೋನಿನಲ್ಲಿ ಮೂರು ಸಲ ಹೇಳಿದ್ದೆ. ಅವಳು ತಂದದ್ದು ಗಲ್ಫಿನ ದಮಾಮಿನಲ್ಲಿ ದುಡಿಯುವ ಅವಳ ಗಂಡ ರಜೆಗೆ ಬರುವಾಗ ತರುವಂಥ ದೊಡ್ಡ ಗಟ್ಟಿ ಪೆಟ್ಟಿಗೆ.

"ನನ್ನ ಬಟ್ಟೆ ಸ್ವಲ್ಪವೇ ಉಂಟು ಮಾರಾಯ್ತಿ, ಉಳಿದದ್ದೆಲ್ಲ ನಿನಗೆ," ಎಂದಳು. "ಕುಚ್ಚಲಕ್ಕಿ, ರೊಟ್ಟಿ, ಮೆಣಸು, ಒಣ ಬಂಗುಡೆ."

"ಸಮುದ್ರದ ಮಧ್ಯದಲ್ಲಿ ಕೂತವಳಿಗೆ ಒಣಮೀನಾ?"

"ಇಲ್ಲಿಯ ಮೀನಿಗೆ ನಮ್ಮ ರುಚಿ ಇರ್ತದಾ?"

ಸಿದ್ಧಕಟ್ಟೆಯ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವಳ ಮನೆಮಾತು ಬ್ಯಾರಿ, ನನ್ನದು ತುಳು. ನಮ್ಮಿಬ್ಬರ ನಡುವೆ ಅಂದಿನಿಂದಲೂ ತುಳುವೇ. ಇಲ್ಲಿ ಅದನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅವಳು ಬೆಳ್ತಂಗಡಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಟೀಚರ್. ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಲೈಬ್ರೇರಿಯನ್ ಆಗಿದ್ದೆ. ನನ್ನ ಗಂಡ ಸರಕು ಹಡಗುಗಳಲ್ಲಿ ಇಂಜಿನಿಯರಾಗಿ ದುಡಿದು ನಿವೃತ್ತರಾದವರು, "ಇಷ್ಟು ವರ್ಷ ಬೇರೆಯವರ ಹಡಗು, ಇನ್ನು ನಮ್ಮದು" ಎಂದು ಮೂವತ್ತಾರು ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡರು. ನಾನೂ ಕೆಲಸ ಬಿಟ್ಟೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ನಮ್ಮ ವಾಸ ಅದರಲ್ಲೇ. ಚಂಡಮಾರುತದ ತಿಂಗಳುಗಳು ಬಂದಾಗ ದೋಣಿಯನ್ನು ದಡಕ್ಕೆ ಎತ್ತಿಸಿಟ್ಟು ಬಂಟ್ವಾಳದ ಮನೆಗೆ ಮರಳುತ್ತೇವೆ.

ಅವಳನ್ನು ನಾನು ಪ್ರತಿ ವರ್ಷ ಕರೆಯುತ್ತಿದ್ದೆ. ಅವಳು ಪ್ರತಿ ವರ್ಷ ನಗುತ್ತಿದ್ದಳು. ಆ ಸಲ ಮಾತ್ರ, ಉಪವಾಸ, ಹಬ್ಬ ಮುಗಿಸಿ, ಪರೀಕ್ಷೆಯ ಪೇಪರು ತಿದ್ದಿ ಕೊಟ್ಟು, ಏಪ್ರಿಲ್ ರಜೆಯಲ್ಲಿ ಹೊರಟೇಬಿಟ್ಟಳು. "ಇಪ್ಪತ್ತಾರು ವರ್ಷ ಭೂಪಟದಲ್ಲಿ ಕೋಲಿಟ್ಟು ತೋರಿಸಿದ್ದೇನೆ. ಒಂದು ಸಲ ಕಾಲಿಟ್ಟು ನೋಡುವ ಅಂತ ಕಂಡಿತು," ಎಂದಳು.

ಸೂಟ್‌ಕೇಸ್ ದೋಣಿಯ ಮೆಟ್ಟಿಲಿನಿಂದ ಒಳಗೆ ಇಳಿಯಲಿಲ್ಲ. ಮೇಲೆಯೇ ಬಿಚ್ಚಿ ಅಕ್ಕಿಯನ್ನು ಹಾಸಿಗೆಯಡಿ, ಬಂಗುಡೆಯನ್ನು ಜೀವರಕ್ಷಕ ಜಾಕೆಟ್‌ಗಳ ಜೊತೆ ತುರುಕಿದೆವು. ಖಾಲಿ ಪೆಟ್ಟಿಗೆಯನ್ನು ದಡದ ಪರಿಚಿತರೊಬ್ಬರ ಮನೆಯಲ್ಲಿ ಬಿಟ್ಟೆವು.

ಎರಡನೆಯ ದಿನ ಉತ್ತರದ ಕ್ಯಾರಿಯಾಕೂ ದ್ವೀಪಕ್ಕೆ ಹೊರಟೆವು. ಗಾಳಿಗೆ ಅಡ್ಡ ನಿಂತ ಗ್ರೆನಡಾದ ಗುಡ್ಡಗಳ ಮರೆ ದಾಟುವವರೆಗೆ ಅವಳು ಮುಂಭಾಗದಲ್ಲಿ ರಾಣಿಯ ಹಾಗೆ ಕುಳಿತಿದ್ದಳು. "ಇದು ಈಶಾನ್ಯ ವಾಣಿಜ್ಯ ಮಾರುತ ಅಲ್ವಾ ಭಾವ?" ಎಂದು ನನ್ನ ಗಂಡನನ್ನು ಕೇಳಿದಳು. ಅವರು ಹೌದೆಂದರು. "ಎರಡು ಅಂಕದ ಪ್ರಶ್ನೆ!" ಎಂದು ಮುಖವೊಡ್ಡಿ ಕಣ್ಣು ಮುಚ್ಚಿದಳು. ಮರೆ ದಾಟಿದ ಮೇಲೆ ಅದೇ ಮಾರುತ ಎದುರಿನಿಂದ ಅಲೆ ಎಬ್ಬಿಸಿತು. ಮುಂದಿನ ನಾಲ್ಕು ಗಂಟೆ ಅವಳು ಬಕೆಟ್ ಅಪ್ಪಿಕೊಂಡಿದ್ದಳು. ನಾನು ಬೆನ್ನು ನೀವುತ್ತಾ ಶುಂಠಿ ಚೂರು ಬಾಯಿಗೆ ಕೊಡುತ್ತಿದ್ದೆ. ನಡುವೆ ಒಮ್ಮೆ ತಲೆಯೆತ್ತಿ, "ಚಾರ್ಮಾಡಿ ಘಾಟಿಯಲ್ಲಿ ಸಹ ನನಗೆ ಹೀಗೆ ಆದದ್ದಿಲ್ಲ. ನನ್ನನ್ನು ಎಲ್ಲಿಯಾದರೂ ಇಳಿಸಿಬಿಡಿ," ಎಂದಳು. ಇಳಿಸಲು ಸುತ್ತ ನೀರಲ್ಲದೆ ಬೇರೇನೂ ಇರಲಿಲ್ಲ. ನನಗೆ ನಗು ಬಂತು. ಕರೆದು ತಪ್ಪು ಮಾಡಿದೆನೇನೋ ಎಂಬ ಅಳುಕೂ ಬಂತು.

ಕ್ಯಾರಿಯಾಕೂವಿನ ಕೊಲ್ಲಿಯಲ್ಲಿ ಲಂಗರು ಹಾಕಿದ ಅರ್ಧ ಗಂಟೆಯಲ್ಲಿ ಅವಳು ಗಂಜಿ ಕುಡಿದು ಎದ್ದು ಕುಳಿತಳು. ಮಾರನೆಯ ದಿನ ಬೆಳಿಗ್ಗೆ ಅಕ್ಕಿಹಿಟ್ಟು ಕಲಸಿ ತೆಳ್ಳಗೆ ಪತ್ತಿರಿ ಲಟ್ಟಿಸಿದಳು. ಅಡುಗೆಯ ಗ್ಯಾಸ್ ಮುಗಿಯುತ್ತಾ ಬಂದಿತ್ತು. ಮಧ್ಯಾಹ್ನ ನನ್ನ ಗಂಡ ಸಿಲಿಂಡರ್ ತುಂಬಿಸಿ ತರಲು ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋದರು.

ಅವರು ಹೋಗಿ ಹತ್ತು ನಿಮಿಷವಾಗಿರಬೇಕು, ಗುಡ್ಡದ ಹಿಂದಿನಿಂದ ಕಪ್ಪು ಮೋಡವೊಂದು ಇಳಿದು ಬಂತು. ಗಾಳಿ ಒಮ್ಮೆಲೇ ರೊಯ್ಯನೆ ಬೀಸಿತು, ಜೊತೆಗೆ ಮಳೆಯೂ ಸುರಿಯಿತು. ಪಾತ್ರೆ ತೊಳೆಯುತ್ತಿದ್ದ ಗೆಳತಿ ಕಿಟಕಿಯಲ್ಲಿ ನೋಡಿ, "ಹಿಂದಿನ ದೋಣಿಯವರು ನಮ್ಮ ಹತ್ತಿರ ಬರ್ತಾ ಇದ್ದಾರಲ್ಲ," ಎಂದಳು.

ಹೊರಗೆ ಬಂದು ನೋಡಿದೆ. ಅವರು ಬರುತ್ತಿರಲಿಲ್ಲ, ನಾವು ಹೋಗುತ್ತಿದ್ದೆವು. ನಮ್ಮ ಲಂಗರು ತಳದ ಹುಲ್ಲಿನಲ್ಲಿ ಕಚ್ಚದೆ ಜಾರುತ್ತಿತ್ತು. ಹಿಂದಿದ್ದದ್ದು ವಯಸ್ಸಾದ ಫ್ರೆಂಚ್ ದಂಪತಿಯ ಬಿಳಿಯ ದೋಣಿ. ಇಬ್ಬರೂ ಮಳೆಯಲ್ಲಿ ನಿಂತು, ಢಿಕ್ಕಿಯಾದರೆ ಅಡ್ಡಹಿಡಿಯಲು ಗಾಳಿ ತುಂಬಿದ ರಬ್ಬರ್ ದಿಂಡುಗಳನ್ನು ಹಿಡಿದಿದ್ದರು.

ಇಂಥ ಹೊತ್ತಿನಲ್ಲಿ ಯಾವಾಗಲೂ ಚುಕ್ಕಾಣಿ ನನ್ನ ಗಂಡನದು, ಲಂಗರು ನನ್ನದು. ಇಂಜಿನ್ ಶುರುಮಾಡಿ ಗೆಳತಿಯನ್ನು ಚುಕ್ಕಾಣಿಯ ಚಕ್ರದ ಮುಂದೆ ನಿಲ್ಲಿಸಿದೆ.

"ನನಗೆ ಎಂಥದೂ ಗೊತ್ತಿಲ್ಲ ಮಾರಾಯ್ತಿ!"

"ಗೊತ್ತಾಗುದು ಬೇಡ. ಮಳೆ ಸೀದಾ ಮುಖಕ್ಕೇ ಹೊಡೆಯಬೇಕು. ಎಡ ಕೆನ್ನೆಗೆ ಬಿದ್ದರೆ ಎಡಕ್ಕೆ ತಿರುಗಿಸು, ಬಲ ಕೆನ್ನೆಗೆ ಬಿದ್ದರೆ ಬಲಕ್ಕೆ. ಅಷ್ಟೇ."

ನಾನು ಮುಂಭಾಗಕ್ಕೆ ಓಡಿ ಸರಪಳಿ ಎಳೆಯುವ ಮೋಟಾರಿನ ಗುಂಡಿ ಒತ್ತಿದೆ. ಹಿಂದೆ ತಿರುಗಿ ನೋಡಿದರೆ ಅವಳ ತಲೆಯ ಬಟ್ಟೆ ಒದ್ದೆಯಾಗಿ ಅಂಟಿಕೊಂಡಿತ್ತು, ಕನ್ನಡಕದ ಮೇಲೆ ನೀರು ಹರಿಯುತ್ತಿತ್ತು, ತುಟಿ ಏನೋ ಪಠಿಸುತ್ತಿತ್ತು. ಎರಡೂ ಕೈ ಚಕ್ರವನ್ನು ಬಿಗಿಯಾಗಿ ಹಿಡಿದಿದ್ದವು. ಫ್ರೆಂಚರ ದೋಣಿ ಎರಡೇ ಮಾರು ದೂರದಲ್ಲಿತ್ತು. ಅವಳು ಕುತ್ತಿಗೆ ತಿರುಗಿಸಿ, ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಅವರಿಗೆ ಬ್ಯಾರಿಯಲ್ಲೇ ಪಕ್ಕಕ್ಕೆ ಸರಿಯಲು ಆಜ್ಞೆ ಮಾಡಿದಳು. ಲಂಗರು ಹಾಕಿದ ದೋಣಿ ಎಲ್ಲಿಗೆ ಸರಿಯುತ್ತದೆ? ಆ ಅಜ್ಜ ಪಾಪ, ನಮಸ್ಕಾರವೆಂದುಕೊಂಡು ಕೈ ಎತ್ತಿದರು.

ನಮ್ಮ ದೋಣಿ ಮುಂದಕ್ಕೆ ಹೊರಟಿತು. ಮೊದಲು ಅನುಮಾನದಿಂದ, ಆಮೇಲೆ ನೇರವಾಗಿ. ಲಂಗರು ಹುಲ್ಲಿನ ರಾಶಿಯೊಂದನ್ನು ಹೊತ್ತುಕೊಂಡು ಮೇಲೆ ಬಂತು. "ಇನ್ನು ಎಂಥ ಮಾಡುದು?" ಎಂದು ಕೂಗಿದಳು. ಸುತ್ತು ಹಾಕುತ್ತಾ ಇರು ಎಂದೆ. ಮಳೆ ನಿಲ್ಲುವವರೆಗೆ ನಾವು ಕೊಲ್ಲಿಯಲ್ಲಿ ನಿಂತ ದೋಣಿಗಳಿಂದ ದೂರ ಉಳಿದು ಸುತ್ತು ಹಾಕಿದೆವು. ಮೂರನೆಯ ಸುತ್ತಿನಲ್ಲಿ ಅವಳು ಒಂದು ಕೈಯಲ್ಲಿ ಕನ್ನಡಕ ಒರೆಸಿಕೊಂಡಳು. ಆಗ ನನಗೆ ಉಸಿರು ಬಂತು.

ಬಿಸಿಲು ಮರಳಿದಾಗ ನನ್ನ ಗಂಡ ಸಿಲಿಂಡರ್ ಹಿಡಿದು ದಡದ ಕಟ್ಟೆಯ ಮೇಲೆ ನಿಂತು, ನಮ್ಮ ದೋಣಿ ನಿಂತಿದ್ದ ಖಾಲಿ ಜಾಗವನ್ನೇ ನೋಡುತ್ತಿದ್ದರು. ಅವರ ಎದುರಿನಿಂದಲೇ ನಾವು ಹಾದುಹೋದೆವು. ಗೆಳತಿ ಅವರತ್ತ ಕೈ ಬೀಸಲಿಲ್ಲ. "ಈಗ ನನ್ನನ್ನು ಮಾತಾಡಿಸಬೇಡ," ಎಂದಳು ನನಗೆ.

ಲಂಗರು ಮತ್ತೆ ಕಚ್ಚಿ, ನನ್ನ ಗಂಡನೂ ದೋಣಿಗೆ ಮರಳಿದ ಮೇಲೆ, ಸಂಜೆ ಫ್ರೆಂಚ್ ದಂಪತಿಯನ್ನು ಚಹಕ್ಕೆ ಕರೆದೆವು. ಒಣ ಬಂಗುಡೆ ಹುರಿದ ವಾಸನೆ ಅವರು ಬರುವ ಮೊದಲೇ ಕೊಲ್ಲಿಯ ತುಂಬ ಹಬ್ಬಿತ್ತು. ಅಜ್ಜಿ ಪತ್ತಿರಿಯನ್ನು ಬೆಳಕಿಗೆ ಹಿಡಿದು ನೋಡಿ ಐದು ತಿಂದರು. ಅಜ್ಜ ಕೈಸನ್ನೆಯಲ್ಲಿ ಚಕ್ರ ತಿರುಗಿಸಿ ತೋರಿಸಿ, ಎಷ್ಟು ವರ್ಷದಿಂದ ದೋಣಿ ನಡೆಸುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಗೆಳತಿಯನ್ನು ಕೇಳಿದರು. ಮಧ್ಯಾಹ್ನದಿಂದ ಎಂದಳು. ಅವರು ಚಹ ನೆತ್ತಿಗೇರಿಸಿಕೊಂಡು ಕೆಮ್ಮಿದರು.

ಗ್ರೆನಡಾಕ್ಕೆ ಮರಳುವಾಗ ಗಾಳಿ ಬೆನ್ನ ಹಿಂದಿತ್ತು. ಅವಳು ಬಕೆಟ್ ಮುಟ್ಟಲಿಲ್ಲ. ಅರ್ಧ ದಾರಿ ಅವಳೇ ನಡೆಸಿದಳು, ನನ್ನ ಗಂಡನನ್ನು ಪಕ್ಕದಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಾ. ಅವರು ಉತ್ತರಿಸಿ ಸುಸ್ತಾಗಿ ಒಳಗೆ ಹೋಗಿ ಮಲಗಿದರು. ನಾವಿಬ್ಬರೇ ಉಳಿದೆವು. ಹಾಯಿ ತುಂಬಿಕೊಂಡಿತ್ತು. ಅವಳು ಒಮ್ಮೆ ನನ್ನ ಕಡೆ ನೋಡಿ ನಕ್ಕಳು.

ಜೂನಿನಲ್ಲಿ ಊರಿಗೆ ಬಂದ ಮೇಲೆ ಬೆಳ್ತಂಗಡಿಯ ಅವಳ ಮನೆಗೆ ಊಟಕ್ಕೆ ಹೋದೆವು. ದಮಾಮಿನಿಂದ ರಜೆಯಲ್ಲಿ ಬಂದಿದ್ದ ಅವಳ ಗಂಡ, ಅವಳು ಒಳಗೆ ಹೋದ ಹೊತ್ತು ನೋಡಿ ತಗ್ಗಿದ ದನಿಯಲ್ಲಿ ಕೇಳಿದರು: "ಸತ್ಯ ಹೇಳಿ, ಇವಳು ನಿಜವಾಗಿ ಓಡಿಸಿದ್ದಾ?"

"ಓಡಿಸಿದ್ದಾಳೆ. ಚೆನ್ನಾಗಿಯೇ."

"ಸ್ಕೂಟರ್ ಕಲಿ ಅಂತ ನಾನು ಹೇಳಿ ಹೇಳಿ ಸಾಕಾಯ್ತು. ಹೆದರಿಕೆ ಆಗ್ತದೆ ಅಂತಾಳೆ."

"ಸಮುದ್ರದಲ್ಲಿ ಹೊಂಡ ಇಲ್ಲ," ಎಂದು ಒಳಗಿನಿಂದ ಉತ್ತರ ಬಂತು. "ಎದುರಿಂದ ಲೈನ್ ಬಸ್ಸೂ ಬರುದಿಲ್ಲ. ಮಾತು ಸಾಕು, ಅನ್ನ ಆರ್ತಾ ಉಂಟು, ಎಲ್ಲರೂ ಬನ್ನಿ."

ನಾವು ಕೈ ತೊಳೆದು ಕುಳಿತೆವು.