ತಿರುವಿನ ಕಡೆ ಓಡಿದ ಮಾವ

ಖಾನಾಪುರ ದಾಟಿ ಲೋಂಡಾ ಕಡೆ ಹೊರಟರೆ ಊರಿನ ಕೊನೆಯ ಸಾಲಿನಲ್ಲಿ ನಮ್ಮ ಮನೆ. ಅಂಗಳ ಇಳಿದರೆ ಡಾಂಬರು ರಸ್ತೆ. ಮದುವೆಯಾಗಿ ಬೆಳಗಾವಿಯ ರಾಮತೀರ್ಥ ನಗರದಿಂದ ಇಲ್ಲಿಗೆ ಬಂದ ಹೊಸದರಲ್ಲಿ ಗೋವಾ ಲಾರಿಗಳ ಸದ್ದಿಗೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಆಮೇಲೆ ರೂಢಿಯಾಯಿತು. ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿದು ಬೆಳಗಾವಿಯ ಶಾಲೆಗೆ ಪಾಠ ಮಾಡಲು ಹೋಗಬೇಕಾದವಳು, ಮಲಗಿದರೆ ಕಲ್ಲು ಬಿದ್ದಂತೆ ಮಲಗುತ್ತಿದ್ದೆ.

ಮೂರು ವರ್ಷದ ಹಿಂದೆ, ಆಷಾಢದ ಒಂದು ರಾತ್ರಿ ಕೇಳಿಸಿದ ಸದ್ದಿಗೆ ಮಾತ್ರ ದಡಕ್ಕನೆ ಎದ್ದು ಕುಳಿತೆ. ಮೊದಲು ಟೈರು ಕಿರುಚಿತು. ಹಿಂದೆಯೇ ತಗಡಿನ ಛಾವಣಿ ಕುಸಿದಂಥ ಅಬ್ಬರ. ಆಮೇಲೆ ನಿಲ್ಲದೇ ಒದರುವ ಹಾರ್ನ್ ಒಂದೇ. ನಾನೂ ನನ್ನ ಗಂಡನೂ ಬಾಗಿಲು ತೆಗೆದು ಹೊರಬರುವಷ್ಟರಲ್ಲಿ ಪಡಸಾಲೆಯಲ್ಲಿ ಮಲಗುತ್ತಿದ್ದ ಮಾವನವರು ಟಾರ್ಚ್ ಹಿಡಿದು ರಸ್ತೆಗೆ ಇಳಿದಾಗಿತ್ತು.

ಕಾರು ರಸ್ತೆಬದಿಯ ಮರಕ್ಕೆ ಬಡಿದು, ಮಗುಚಿ, ರಸ್ತೆಯ ನಟ್ಟನಡುವೆ ಅಡ್ಡ ಬಿದ್ದಿತ್ತು. ದೀಪಗಳೆಲ್ಲ ಆರಿದ್ದವು, ಹಾರ್ನೂ ನಿಂತುಹೋಗಿತ್ತು. ತುಂತುರು ಮಳೆ, ಹತ್ತು ಮಾರು ಆಚೆ ಕಾಣದಂಥ ಮಂಜು. ಒಳಗಿನಿಂದ ಒಬ್ಬ ಹೆಂಗಸು ಮರಾಠಿಯಲ್ಲಿ ‘ಆಯಿ ಗ, ಆಯಿ ಗ’ ಎಂದು ನರಳುತ್ತಿದ್ದಳು.

ಮಾವನವರು ಬಗ್ಗಿ ಒಳಗೆ ಒಮ್ಮೆ ಬೆಳಕು ಬಿಟ್ಟರು.

“ಇಬ್ರು ಅದಾರ. ಇಬ್ರಿಗೂ ಜೀವ ಐತಿ,” ಎಂದು ಮಗನಿಗೆ ಹೇಳಿದರು. “ಕೈಕಾಲು ಹಿಡದು ಜಗ್ಗಬ್ಯಾಡ. ಮಾತಾಡಸ್ಕೋತ ಇರು. ಅಂಬುಲೆನ್ಸಿಗೆ ಫೋನ್ ಹಚ್ಚು. ಯಾರೂ ಕಡ್ಡಿ ಗೀರಬ್ಯಾಡ್ರಿ, ಪೆಟ್ರೋಲ್ ಸೋರಾಕತ್ತೇತಿ.”

ಅಷ್ಟು ಹೇಳಿ ಅವರು ಮನೆಯ ಕಡೆ ತಿರುಗಿದರು. ಪಡಸಾಲೆಯ ಹಗ್ಗದ ಮೇಲೆ ನನ್ನ ಕೆಂಪು ಲಂಗ ಒಣಗಹಾಕಿತ್ತು. ಸೊಸೆಯ ಬಟ್ಟೆ ಇರುವ ಹಗ್ಗದ ಕಡೆ ಕಣ್ಣೆತ್ತಿಯೂ ನೋಡದ ಮನುಷ್ಯ ಅದನ್ನು ಸರಕ್ಕನೆ ಎಳೆದು, ಟಾರ್ಚಿನ ಮುಖಕ್ಕೆ ಒಂದು ಪದರು ಸುತ್ತಿ ಬಿಗಿಹಿಡಿದರು. ಬೆಳಕು ಕೆಂಪಗಾಯಿತು.

“ಯವ್ವಾ, ನೀ ಬೆಳಗಾಂವಿ ಕಡೆ ಓಡು. ಮೊಬೈಲ್ ಬತ್ತಿ ಹಚ್ಚಿ ಅಡ್ಡ ಬೀಸು. ಗಾಡಿ ಬಂದ್ರ ಒಂದು ಬಾಜೂಕ ನಿಂತು ಬೀಸು, ನಡುವ ನಿಂದರಬ್ಯಾಡ.”

“ಮಾವಾರ, ಒಳಗ ಮಂದಿ ಒದ್ದಾಡಾಕತ್ತಾರ್ರೀ!”

“ಅವರ ಸಲುವಾಗೇ ಓಡು ಅನ್ನಾಕತ್ತೇನಿ!”

ಹೀಗೆಂದವರೇ ಲೋಂಡಾ ಕಡೆಯ ತಿರುವಿನತ್ತ ಓಡಿದರು. ಎಪ್ಪತ್ತರ ಹತ್ತಿರದ ವಯಸ್ಸು. ಊಟಕ್ಕೆ ಕೂತರೆ ಏಳುವಾಗ ಗೋಡೆ ಹಿಡಿಯಬೇಕು, ಅಂಥ ಮೊಣಕಾಲು. ಬರಿಗಾಲಲ್ಲಿ ಓಡುತ್ತಿದ್ದ ಅವರ ಕೆಂಪು ಬೆಳಕು ಮಂಜಿನಲ್ಲಿ ಕುಪ್ಪಳಿಸುತ್ತ ದೂರವಾಯಿತು.

ನಾನೂ ಓಡಿದೆ. ಆದರೆ ಖರೇ ಹೇಳಬೇಕೆಂದರೆ ಸಿಟ್ಟಿನಿಂದಲೇ ಓಡಿದೆ. ರಕ್ತ ನೋಡಲು ಹೆದರಿ ಇವರು ದೂರ ಹೋದರು, ನನ್ನನ್ನೂ ಅಟ್ಟಿದರು ಎಂದೇ ಅಂದುಕೊಂಡೆ. ಎರಡು ಸಲ ತಿರುಗಿ ನೋಡಿದೆ. ಬಾಜು ಮನೆಯವರು ಎದ್ದುಬಂದು ನನ್ನ ಗಂಡನ ಜೊತೆ ಕಾರಿನ ಹತ್ತಿರ ನಿಂತದ್ದು ಅವರ ಟಾರ್ಚುಗಳ ಬೆಳಕಿನಲ್ಲಿ ಮಸುಕಾಗಿ ಕಂಡಿತು. ನನ್ನ ಕಡೆಯ ರಸ್ತೆ ನೇರ, ಖಾಲಿ. ಯಾವ ಗಾಡಿಯ ಸುಳಿವೂ ಇಲ್ಲ. ಯಾರೂ ಇಲ್ಲದ ದಾರಿಗೆ ಮೊಬೈಲು ಬೀಸುತ್ತ ನಿಂತ ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ಅಷ್ಟರಲ್ಲಿ ತಿರುವಿನ ಆಚೆಯಿಂದ ಲಾರಿಯ ಹಾರ್ನ್ ಕೇಳಿಸಿತು. ಹಿಂದೆಯೇ ಬ್ರೇಕಿನ ಉದ್ದನೆಯ ಕೀರಲು. ನಾನು ಕಣ್ಣು ಮುಚ್ಚಿಕೊಂಡೆ. ಕಾರಿನ ಬಳಿ ನನ್ನ ಗಂಡನಿದ್ದ. ತಿರುವಿನಲ್ಲಿ ಮಾವನವರಿದ್ದರು.

ಕೀರಲು ನಿಂತಿತು. ಡಿಕ್ಕಿಯ ಸದ್ದು ಮಾತ್ರ ಬರಲಿಲ್ಲ.

ಜಲ್ಲಿಕಲ್ಲು ತುಂಬಿದ ಆ ಲಾರಿ ತಿರುವಿನಲ್ಲೇ ನಿಂತಿತ್ತು. ಅದರ ಚಾಲಕ ಹಾರೆ ಹಿಡಿದು ಇಳಿದುಬಂದ. ಅವನೂ ನನ್ನ ಗಂಡನೂ ಸೇರಿ ಬಾಗಿಲು ಮೀಟಿದರು. ಅಂಬುಲೆನ್ಸ್ ಬರುವ ಹೊತ್ತಿಗೆ ಕಾರಿನಲ್ಲಿದ್ದ ಗಂಡ ಹೆಂಡತಿ ಇಬ್ಬರನ್ನೂ ಚಾಪೆಯ ಮೇಲೆ ಮಲಗಿಸಲಾಗಿತ್ತು. ನೀರು ಕುಡಿಯುತ್ತ ಚಾಲಕ ನನಗೆ ಹೇಳಿದ: “ಬಿಳಿ ಬತ್ತಿ ಆಗಿದ್ರ ನಾ ನಿಲ್ಲಸ್ತಿದ್ದಿಲ್ರೀ ಬಾಯಾರ. ರಾತ್ರಿ ರೋಡಿನ್ಯಾಗ ಕೈ ಮಾಡಾವ್ರು ಎಂಥಾ ಮಂದಿನೋ ಏನೋ. ಕೆಂಪು ಕಂಡ ಕೂಡಲೇ ಕಾಲು ತಾನ ಬ್ರೇಕಿಗೆ ಹೋತು.”

ಅಂಬುಲೆನ್ಸ್ ಹೋಯಿತು. ಪೊಲೀಸರು ಬಂದರು. ಹತ್ತು ಜನ ಕೂಡಿ ಕಾರನ್ನು ಬದಿಗೆ ನೂಕಿದರು. ಮಾವನವರು ಬರಲಿಲ್ಲ. ಬಾಜು ಮನೆಯವರು ಕೂಗಿ ಕರೆದರೂ ಬರಲಿಲ್ಲ. ಕೊನೆಗೆ ನಾನೇ ಛತ್ರಿ ಹಿಡಿದು ತಿರುವು ದಾಟಿ ನೂರಾರು ಹೆಜ್ಜೆ ಹೋದೆ. ಅಲ್ಲಿ ರಸ್ತೆಯ ಅಂಚಿಗೆ, ತೋಯ್ದು ತೊಪ್ಪೆಯಾಗಿ, ಕೆಂಪು ಬೆಳಕನ್ನು ಎದೆಯೆತ್ತರಕ್ಕೆ ಹಿಡಿದು ನಿಂತಿದ್ದರು. ಅವರ ಮುಂದೆ ಎರಡು ಲಾರಿ, ಒಂದು ಬಸ್ಸು ಸಾಲಾಗಿ ನಿಂತಿದ್ದವು.

“ಬರ್ರಿ ಮಾವಾರ, ರಸ್ತಾ ಖುಲ್ಲಾ ಆತು.”

“ನಿನ್ನ ಕಣ್ಣಲೆ ನೋಡಿದಿ?”

“ನೋಡೇನ್ರೀ.”

“ಗಾಜು ಬಳದಾರ?”

“ಬಳದಾರ.”

ಆಗ ಅವರು ಪಕ್ಕಕ್ಕೆ ಸರಿದು, ಗಾಡಿಗಳಿಗೆ ಹೋಗಿರೆಂದು ಕೈ ಮಾಡಿದರು.

ಬೆಳಿಗ್ಗೆ ಬಿಸಿನೀರಿನಲ್ಲಿ ಅವರ ಕಾಲು ತೊಳೆದು, ಹೆಬ್ಬೆರಳಿಗೆ ಹೊಕ್ಕಿದ್ದ ಗಾಜಿನ ಚೂರು ತೆಗೆದು ಅರಿಸಿನ ಹಚ್ಚಿದೆ. ರಾತ್ರಿ ಅವರ ಬಗ್ಗೆ ನಾನು ಅಂದುಕೊಂಡದ್ದನ್ನೂ ಹೇಳಿದೆ. ಅವರಿಗೆ ಬೇಸರವಾಗಲಿಲ್ಲ.

“ನನಗೂ ಒಬ್ಬಾವ ಹಂಗ ಅಂದಿದ್ದ,” ಎಂದರು. ಲೋಂಡಾದ ಆಚೆ ಕಾಡಿನಲ್ಲಿ ಹಳಿ ಕಾಯುವ ಗ್ಯಾಂಗಿನಲ್ಲಿದ್ದಾಗ ಒಂದು ಮಳೆಗಾಲ ಮರ ಉರುಳಿ ಹಳಿಯ ಮೇಲೆ ಬಿತ್ತಂತೆ. ಜೊತೆಗಾರನ ಕಾಲು ಟೊಂಗೆಯ ಕೆಳಗೆ ಸಿಕ್ಕಿತು. ರೈಲು ಬರುವ ಹೊತ್ತು. “ಅವ ಬಿಟ್ಟು ಹೋಗಬ್ಯಾಡೋ ಅಂತ ಚೀರಾಕತ್ತಿದ್ದ. ನಾ ಕೆಂಪು ಝೇಂಡಾ ಹಿಡದು ರೈಲಿಗೆ ಎದುರು ಓಡಿದೆ. ಟೊಂಗಿ ಎತ್ಕೋತ ಕುಂತಿದ್ರ ಇಬ್ರೂ ಹೋಗ್ತಿದ್ವಿ, ರೈಲನ್ಯಾಗಿನ ಮಂದಿನೂ. ರೈಲು ನಿಂತ ಮ್ಯಾಲೆ ಎಲ್ಲಾರೂ ಕೂಡಿ ಎತ್ತಿದ್ವಿ. ಮೂರು ತಿಂಗಳು ನನ್ನ ಕೂಡ ಮಾತಾಡಲಿಲ್ಲ ಅವ.”

“ಆಮೇಲೆ?”

“ಆಮ್ಯಾಲ ಮಗಳ ಲಗ್ನಕ್ಕ ಕರದ.”

ಎರಡು ತಿಂಗಳಾದ ಮೇಲೆ ಕಾರಿನ ದಂಪತಿ ಬೆಳಗಾವಿ ಹತ್ತಿರದ ಹಿಂಡಲಗಾದಿಂದ ಕುಂದಾದ ಸಿಹಿ ಡಬ್ಬಿ ತೆಗೆದುಕೊಂಡು ನಮ್ಮ ಮನೆಗೆ ಬಂದರು. ಆಕೆಯ ಭುಜದ ಎಲುಬು ಕೂಡಿಕೊಂಡಿತ್ತು. ಆತ ಕೋಲು ಹಿಡಿದು ನಡೆಯುತ್ತಿದ್ದ. ಆ ರಾತ್ರಿ ಮಾತಾಡಿಸುತ್ತ ಇದ್ದ ನನ್ನ ಗಂಡನ ದನಿ ಆಕೆಗೆ ಇನ್ನೂ ನೆನಪಿತ್ತು. ಅವನ ಎರಡೂ ಕೈ ಹಿಡಿದು ಅತ್ತಳು. ಮೂಲೆಯ ಕುರ್ಚಿಯಲ್ಲಿದ್ದ ಮಾವನವರಿಗೆ ಮನೆಯ ಹಿರಿಯರೆಂದು ನಮಸ್ಕಾರ ಮಾಡಿ ಕುಳಿತಳು, ಅಷ್ಟೇ. ಅವರು ಮಾಡಿದ್ದು ಆಕೆಗೆ ಗೊತ್ತಿರಲಿಲ್ಲ.

ನನಗೆ ಸುಮ್ಮನಿರಲಾಗಲಿಲ್ಲ. ಚಹಾದ ತಟ್ಟೆ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ: ಲಾರಿ, ತಿರುವು, ಕೆಂಪು ಬೆಳಕು. ನೇರ ರಸ್ತೆಯನ್ನು ನನಗೆ ಕೊಟ್ಟು, ಕುರುಡು ತಿರುವನ್ನು ಅವರು ಇಟ್ಟುಕೊಂಡದ್ದು. ಈ ಕೊನೆಯದು ನನಗೆ ಹೊಳೆದದ್ದೂ ಹೇಳುತ್ತಿರುವಾಗಲೇ.

“ಹೋಗ್ಲಿ ಬಿಡವ್ವಾ,” ಎಂದರು ಮಾವನವರು.

“ನಮ್ಮ ಮಾವಾರು ರೈಲ್ವೆದಾಗ ಗ್ಯಾಂಗಮನ್ ಇದ್ರು,” ಎಂದೆ. ಮದುವೆಯಾದಾಗಿನಿಂದ ಶಾಲೆಯಲ್ಲಿ ಯಾರಾದರೂ ಕೇಳಿದರೆ ‘ರೈಲ್ವೆಯಲ್ಲಿದ್ದರು’ ಎಂದಷ್ಟೇ ಹೇಳಿ ಮಾತು ತೇಲಿಸಿದವಳು ನಾನು. ಅವತ್ತು ಆ ಮಾತನ್ನು ಪೂರಾ ಹೇಳಿದೆ, ಗಟ್ಟಿಯಾಗಿ ಹೇಳಿದೆ.

ಆ ಮನುಷ್ಯ ಕೋಲೂರಿ ಎದ್ದು ನಿಂತ. “ಅಜ್ಜಾರ, ಎಲ್ಲಿ ನಿಂತಿದ್ರಿ, ನನಗೊಂದಿಷ್ಟು ತೋರಸ್ತೀರೇನ್ರಿ?”

ಮಾವನವರು ಬೇಡವೆನ್ನುತ್ತಾರೆ ಅಂದುಕೊಂಡೆ. ಅವರು ಗೋಡೆ ಹಿಡಿದು ಎದ್ದರು, ರುಮಾಲು ಸುತ್ತಿಕೊಂಡರು, ಚಪ್ಪಲಿ ಮೆಟ್ಟಿದರು. ಇಬ್ಬರೂ ರಸ್ತೆಯ ಬಲ ಅಂಚು ಹಿಡಿದು ನಿಧಾನವಾಗಿ ನಡೆದರು. ಎದುರಿಗೆ ಗಾಡಿ ಬಂದಾಗಲೆಲ್ಲ ಮಾವನವರು ಒಂದು ಕೈ ಅಡ್ಡ ಚಾಚಿ ಆತನನ್ನು ಒಳಗೆ ಸರಿಸುತ್ತಿದ್ದರು. ನಾನು ಅಂಗಳದಲ್ಲಿ ನಿಂತು, ಅವರು ಕಣ್ಣಿಗೆ ಮರೆಯಾಗುವ ತನಕ ನೋಡಿದೆ.